ತೂಕ ಇಳಿಯಿತು ಸರಿ, ಇಳಿದದ್ದು ಏನು?

ಎಲ್ಲರಿಗೂ ನಮಸ್ಕಾರ.

ತಕ್ಕಡಿ ಹತ್ತಿ ಇಳಿದವರು ‘ಮೂರು ಕೆಜಿ ಇಳಿದೆ’ ಎನ್ನುತ್ತಾರೆ. ಮೂರು ಕೆಜಿ ಏನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ‘ಮೂರು ಕೆಜಿ ಕೊಡಿ’ ಎಂದಷ್ಟೇ ಹೇಳಿ ಸುಮ್ಮನೆ ನಿಂತರೆ ಅಂಗಡಿಯವನು ಮುಖ ನೋಡುತ್ತಾನೆ. ದೇಹದ ವಿಷಯದಲ್ಲಿ ನಮಗೆ ಅಷ್ಟು ವಿವರವೂ ಬೇಡ. ಆ ಮೂರು ಕೆಜಿ ನೀರಾಗಿರಬಹುದು, ಕರುಳಿನಲ್ಲಿದ್ದ ನಿನ್ನೆಯ ಊಟವಾಗಿರಬಹುದು, ಸ್ನಾಯುವಾಗಿರಬಹುದು, ಕೊಬ್ಬಾಗಿರಬಹುದು. ತಕ್ಕಡಿಗೆ ನಾಲ್ಕೂ ಒಂದೇ. ನಿಮಗೆ ಒಂದೇ ಅಲ್ಲ. ಇವತ್ತಿನ ಮಾತು ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮೊದಲು ನೀರಿನ ಲೆಕ್ಕ ಮುಗಿಸಿಬಿಡೋಣ. ನಾವು ತಿಂದ ಪಿಷ್ಟದ ಒಂದು ಭಾಗ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಶೇಖರವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಈ ಗೋದಾಮು ಪೂರ್ತಿ ಖಾಲಿಯಾದರೆ ತಕ್ಕಡಿಯಲ್ಲಿ 2 ಕೆಜಿ ಕಡಿಮೆ ಕಾಣುತ್ತದೆ, ಒಂದು ಗ್ರಾಂ ಕೊಬ್ಬೂ ಕರಗದೆ! ‘ಏಳು ದಿನದಲ್ಲಿ ಮೂರು ಕೆಜಿ’ ಎನ್ನುವ ಜಾಹೀರಾತುಗಳೆಲ್ಲ ನಿಂತಿರುವುದು ಈ ನೀರಿನ ಮೇಲೆ. ಪಿಷ್ಟವನ್ನು ಮತ್ತೆ ತಿನ್ನಲು ಶುರುಮಾಡಿದರೆ ಎರಡು ಮೂರು ದಿನಗಳಲ್ಲಿ ಅದು ವಾಪಸ್. ಆಗ ಜನ ‘ನನ್ನ ದೇಹವೇ ಹೀಗೆ’ ಎಂದು ಕೈಚೆಲ್ಲುತ್ತಾರೆ. ದೇಹದ ತಪ್ಪು ಅಲ್ಲಿ ಏನೂ ಇಲ್ಲ. ಹೋದದ್ದೂ ನೀರು, ಬಂದದ್ದೂ ನೀರು.

ಹಾಗಾದರೆ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿದುಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಅದಕ್ಕೇ ಹೊಟ್ಟೆಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿಕೊಂಡು ಓಡುವುದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಪ್ರಕಟವಾಯಿತು: 10 ಕೆಜಿ ಕೊಬ್ಬು ಪೂರ್ತಿ ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಕೊಬ್ಬು ಮುಖ್ಯವಾಗಿ ಹೊರಗೆ ಹೋಗುವ ದಾರಿ ಮೂಗು, ಬಾಯಿ. ಹಾಗೆಂದು ಕುಳಿತಲ್ಲೇ ಜೋರಾಗಿ ಉಸಿರು ಬಿಟ್ಟರೆ ತಲೆ ಸುತ್ತುತ್ತದೆ ಅಷ್ಟೆ. ಮೊದಲು ಅದು ಉರಿಯಬೇಕು. ದೇಹದ ಒಂದು ಕೆಜಿ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7700 ಕಿಲೊಕ್ಯಾಲೊರಿ ಅಡಗಿದೆ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. (ಬಾಯಿಮಾತಿನಲ್ಲಿ ಕ್ಯಾಲೊರಿ ಎನ್ನುವುದು ಈ ಕಿಲೊಕ್ಯಾಲೊರಿಯನ್ನೇ. ನಾನೂ ಇನ್ನು ಹಾಗೇ ಹೇಳುತ್ತೇನೆ.)

ಈಗ ಸ್ವಲ್ಪ ಬೇಸರದ ಸುದ್ದಿ. 70 ಕೆಜಿ ತೂಕದ ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ, ಸುಮ್ಮನೆ ಕುಳಿತಿದ್ದಾಗ ಖರ್ಚಾಗುತ್ತಿದ್ದುದಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಸುಮಾರು 90 ಕ್ಯಾಲೊರಿ. ಎರಡು ಟೀ ಚಮಚ ಎಣ್ಣೆಯಲ್ಲಿ ಸುಮಾರು 80 ಇದೆ. ಅರ್ಧ ಗಂಟೆ ಬೆವರು ಸುರಿಸಿ ನಡೆದದ್ದನ್ನು ಬಾಣಲೆಗೆ ಬಿದ್ದ ಎರಡು ಚಮಚ ಎಣ್ಣೆ ಹೆಚ್ಚುಕಡಿಮೆ ಸರಿಗಟ್ಟಿಬಿಡುತ್ತದೆ. ಕೈಗಡಿಯಾರವೋ ಟ್ರೆಡ್‌ಮಿಲ್ಲೋ ‘250 ಕ್ಯಾಲೊರಿ’ ಎಂದು ತೋರಿಸಿದರೆ ಪೂರ್ತಿ ನಂಬಬೇಡಿ. ನೀವು ಸೋಫಾದಲ್ಲಿ ಮಲಗಿದ್ದರೂ ಖರ್ಚಾಗುತ್ತಿದ್ದ ಪಾಲನ್ನು ಅವು ಬಹಳ ಸಲ ಸೇರಿಸಿಯೇ ಹೇಳುತ್ತವೆ.

ಆದ್ದರಿಂದ ತೂಕ ಇಳಿಸುವ ಮುಖ್ಯ ಕೆಲಸ ತಟ್ಟೆಯಲ್ಲಿ ಆಗಬೇಕು. ಇಳಿದದ್ದು ಕೊಬ್ಬೋ ಸ್ನಾಯುವೋ ಎಂಬುದನ್ನು ತೀರ್ಮಾನಿಸುವುದು ವ್ಯಾಯಾಮ. ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಹಚ್ಚಿದಾಗಲೇ ಎಲ್ಲ ಎಡವಟ್ಟು ಆಗುವುದು: ಹೊಟ್ಟೆತುಂಬ ಕರಿದದ್ದು ತಿಂದು ಓಡುವವರು ಒಂದು ಕಡೆ, ಕಡ್ಡಿ ಅಲುಗಿಸದೆ ಅರೆಹೊಟ್ಟೆ ಇರುವವರು ಇನ್ನೊಂದು ಕಡೆ.

ವ್ಯಾಯಾಮವಿಲ್ಲದೆ ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ನಾಲ್ಕರಲ್ಲಿ ಒಂದು ಪಾಲು ಕೊಬ್ಬಲ್ಲದ ಅಂಗಾಂಶ. ಅದರಲ್ಲಿ ಸ್ನಾಯುವೂ ಸೇರಿದೆ. ಎಂಟು ಕೆಜಿ ಇಳಿಸಿದರೆ ಎರಡು ಕೆಜಿ ಹೀಗೆ ಹೋಯಿತು. ಆಮೇಲೆ ಊಟ ಸಡಿಲವಾಗಿ ಆ ಎಂಟು ಕೆಜಿ ಮರಳಿ ಬಂದಾಗ, ಬರುವುದು ಹೆಚ್ಚಿನಂಶ ಕೊಬ್ಬು. ತಕ್ಕಡಿಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ, ಒಳಗಿನ ದೇಹ ಮಾತ್ರ ಮೊದಲಿಗಿಂತ ದುರ್ಬಲ. ಇದನ್ನು ಮೂರು ನಾಲ್ಕು ಸಲ ಮಾಡಿದವರಿಗೆ ಮೆಟ್ಟಿಲು ಹತ್ತುವಾಗ ಲೆಕ್ಕ ತಿಳಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಸ್ನಾಯುವಿಗೆ ಅಕ್ಷರಶಃ ಒಪ್ಪುವ ಗಾದೆ.

ಸ್ನಾಯು ಯಾಕೆ ಅಷ್ಟು ಮುಖ್ಯ? ‘ಸ್ನಾಯು ಬೆಳೆಸಿದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಉತ್ಪ್ರೇಕ್ಷೆ. ವಿಶ್ರಾಂತಿಯಲ್ಲಿ ಒಂದು ಕೆಜಿ ಸ್ನಾಯು ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ, ಒಂದು ಕೆಜಿ ಕೊಬ್ಬು ಸುಮಾರು 4.5. ಎರಡು ಕೆಜಿ ಸ್ನಾಯು ಹೆಚ್ಚಿಸಿಕೊಂಡರೂ ಅರ್ಧ ಬಾಳೆಹಣ್ಣಿನಷ್ಟೂ ಲಾಭವಿಲ್ಲ. ನಿಜವಾದ ಕಾರಣ ಬೇರೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಗೆ ದೇಹದಲ್ಲಿರುವ ಅತಿ ದೊಡ್ಡ ಗೋದಾಮು ಸ್ನಾಯು. ಮಾಮೂಲಿಯಾಗಿ ಅದರ ಬಾಗಿಲು ತೆರೆಯಲು ಇನ್ಸುಲಿನ್ ಬೇಕು. ಸ್ನಾಯು ಸಂಕೋಚನಗೊಳ್ಳುತ್ತಿರುವಾಗ ಮಾತ್ರ ಅದು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಊಟವಾದ ಮೇಲೆ 10–15 ನಿಮಿಷ ನಡೆದರೆ ಸಕ್ಕರೆ ಅಷ್ಟು ಮೇಲೇರದಿರುವುದು ಇದೇ ಕಾರಣಕ್ಕೆ. ಸಾಲದ್ದಕ್ಕೆ, ಮೂವತ್ತು ದಾಟಿದ ಮೇಲೆ ಕೆಲಸ ಕೊಡದ ಸ್ನಾಯು ದಶಕಕ್ಕೆ ಶೇಕಡಾ 3ರಿಂದ 8ರಷ್ಟು ಸವೆಯುತ್ತದೆ. ಆ ಸವೆತದ ಮೇಲೆ ಅರೆಹೊಟ್ಟೆಯೂ ಸೇರಿದರೆ ಎರಡು ಕಡೆಯಿಂದ ಕೊರೆದಂತೆ.

ತೂಕ ಇಳಿಯದಿದ್ದರೂ ವ್ಯಾಯಾಮದ ಲಾಭ ಇದ್ದೇ ಇದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತ ಚಾಲಕರಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ಕೆಲಸಕ್ಕೆ ಸೇರುವಾಗಲೇ ಅವರಲ್ಲಿ ವ್ಯತ್ಯಾಸವಿತ್ತಲ್ಲವೇ ಎಂಬ ತಕರಾರು ಬಂದದ್ದೂ ನಿಜ, ಆಮೇಲೆ ಬಂದ ಅನೇಕ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿದ್ದೂ ನಿಜ. ಹಾಗಾಗಿ ತಕ್ಕಡಿ ಮುಷ್ಕರ ಹೂಡಿದ ವಾರ ನಡಿಗೆ ನಿಲ್ಲಿಸುವುದು ತೀರಾ ಅನ್ಯಾಯ.

ಇನ್ನು ತಟ್ಟೆಗೆ ಬರೋಣ. ಎಷ್ಟು ಕಡಿಮೆ ಮಾಡಬೇಕು? ಮಿಫ್ಲಿನ್–ಸೇಂಟ್ ಜೋರ್ ಎಂಬ 1990ರ ಸೂತ್ರವನ್ನು ಈಗಲೂ ವ್ಯಾಪಕವಾಗಿ ಬಳಸುತ್ತಾರೆ. ಕೆಜಿಯಲ್ಲಿ ತೂಕವನ್ನು 10ರಿಂದ ಗುಣಿಸಿ. ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ. 75 ಕೆಜಿ ತೂಕ, 158 ಸೆಂಟಿಮೀಟರ್ ಎತ್ತರ, 42 ವಯಸ್ಸಿನ ಹೆಣ್ಣುಮಗಳಿಗೆ 750, ಕೂಡಿಸು 987, ಕಳೆ 210, ಕಳೆ 161. ಬಂದದ್ದು ಸುಮಾರು 1366. ಇದು ಬರೀ ಮಲಗಿದ್ದರೆ ಆಗುವ ಖರ್ಚು. ಕುಳಿತು ಮಾಡುವ ಕೆಲಸ, ಸ್ವಲ್ಪ ಓಡಾಟ ಇದ್ದರೆ 1.4ರಿಂದ ಗುಣಿಸಿ: ಸುಮಾರು 1900. ಇದರಿಂದ 400 ಕಳೆದು 1500ಕ್ಕೆ ನಿಲ್ಲಿಸಿದರೆ ವಾರಕ್ಕೆ 2800 ಕ್ಯಾಲೊರಿ ಕೊರತೆ. ಆಗಲೇ ನೆನಪಿಟ್ಟ 7700ರಿಂದ ಭಾಗಿಸಿ. ವಾರಕ್ಕೆ ಸುಮಾರು 350 ಗ್ರಾಂ ಕೊಬ್ಬು.

‘ಇಷ್ಟೇನಾ?’ ಎಂದು ಮುಖ ಸಪ್ಪಗಾಗುವುದು ಇಲ್ಲಿಯೇ. ಇಷ್ಟೇ. ಇಷ್ಟಾದರೂ ವರ್ಷದುದ್ದಕ್ಕೆ ಸಣ್ಣ ಮೊತ್ತವಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಮಧುಮೇಹದ ಅಂಚಿನಲ್ಲಿದ್ದ 3234 ಜನರಿದ್ದರು. ಅವರಲ್ಲಿ ಜೀವನಶೈಲಿ ಗುಂಪಿನವರಿಗೆ ಕೊಟ್ಟಿದ್ದ ಗುರಿ ತೂಕದಲ್ಲಿ ಶೇಕಡಾ 7 ಇಳಿಕೆ ಮತ್ತು ವಾರಕ್ಕೆ 150 ನಿಮಿಷ ಚಟುವಟಿಕೆ. ಆ ಗುಂಪಿನಲ್ಲಿ ಹೊಸದಾಗಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಶೇಕಡಾ 7 ಎಂದರೆ 75 ಕೆಜಿಯವರಿಗೆ ಐದು ಕೆಜಿ ಚಿಲ್ಲರೆ. ಮದುವೆಯ ಹೊತ್ತಿನ ತೂಕಕ್ಕೆ ಮರಳಬೇಕೆಂಬ ಹಟ ಆರೋಗ್ಯಕ್ಕೆ ಬೇಕಾಗಿಲ್ಲ.

ಆತುರಪಟ್ಟರೆ ಏನಾಗುತ್ತದೆ? ವಾರಕ್ಕೆ ಒಂದೂವರೆ ಕೆಜಿಗಿಂತ ಜೋರಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಮನಸ್ಸಿನ ಕಥೆ ಇನ್ನೂ ಕಷ್ಟದ್ದು. ಆನ್ಸೆಲ್ ಕೀಸ್ 1944–45ರಲ್ಲಿ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಬಾರದಾಯಿತು, ಅಡುಗೆ ಪುಸ್ತಕ ಓದುತ್ತ ಕೂತರು. ಸಿಡುಕು, ಮಂಕು, ಚಳಿ. ಸಿಕ್ಕಾಪಟ್ಟೆ ಡಯಟ್ ಮಾಡುವವರು ಇದನ್ನು ತಮ್ಮ ಮನೋಬಲದ ಕೊರತೆ ಎಂದುಕೊಳ್ಳುತ್ತಾರೆ. ಅದು ಹಸಿದ ಮಿದುಳಿನ ಸಹಜ ವರ್ತನೆ.

ಯಾವ ಡಯಟ್ ಒಳ್ಳೆಯದು ಎಂಬ ಜಗಳಕ್ಕೆ ಹೆಚ್ಚು ಸಮಯ ಕೊಡುವುದಿಲ್ಲ. 2018ರಲ್ಲಿ 609 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನದ ಫಲ ಬಂತು: ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಪಿಷ್ಟ ಕಡಿಮೆ ಮಾಡಿದವರು 6 ಕೆಜಿ ಇಳಿಸಿದರು. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಲ್ಲ. ದಿನದಲ್ಲಿ ಎಂಟೇ ಗಂಟೆ ತಿನ್ನುವ ಪದ್ಧತಿಯೂ ಹಾಗೆಯೇ. ಒಟ್ಟು ಕ್ಯಾಲೊರಿ ಒಂದೇ ಆಗಿದ್ದರೆ ಗಡಿಯಾರ ವಿಶೇಷ ಉಪಕಾರ ಮಾಡುವುದಿಲ್ಲ. ರಾತ್ರಿ ತಿಂಡಿಯ ಡಬ್ಬಿಗೆ ಕೈ ಹಾಕುವವರಿಗೆ ಅದೊಂದು ಅನುಕೂಲದ ಬೇಲಿ, ಅಷ್ಟು ಮಟ್ಟಿಗೆ ಬಳಸಿಕೊಳ್ಳಿ. ಆರು ತಿಂಗಳು ಹಾಗೇ ಉಣ್ಣಬಲ್ಲಿರಾ ಎಂಬುದೇ ಆಯ್ಕೆಯ ಪರೀಕ್ಷೆ.

ನಾನು ಪಟ್ಟು ಹಿಡಿಯುವುದು ಪ್ರೋಟೀನ್ ವಿಷಯದಲ್ಲಿ. ಸಾಮಾನ್ಯ ಕನಿಷ್ಠ ಪ್ರಮಾಣ ದಿನಕ್ಕೆ ತೂಕದ ಪ್ರತಿ ಕೆಜಿಗೆ 0.8 ಗ್ರಾಂ. ತೂಕ ಇಳಿಸುವ ಹೊತ್ತಿನಲ್ಲಿ ಅದು ಸಾಲದು, 1.2ರಿಂದ 1.6 ಗ್ರಾಂ ಬೇಕು. ತೂಕ ತುಂಬ ಹೆಚ್ಚಿದ್ದವರು ಈಗಿನ ತೂಕವನ್ನು ಬಿಟ್ಟು ಮುಟ್ಟಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಲಿ. 65 ಕೆಜಿ ಗುರಿಯಾದರೆ 80ರಿಂದ 100 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಮಿಲಿ ಹಾಲಿನಲ್ಲಿ ಆರೂವರೆ, 100 ಗ್ರಾಂ ಬೆಂದ ಬೇಳೆಯಲ್ಲಿ 9, ಬೇಯಿಸಿದ ಕೋಳಿಯ ಎದೆ ಭಾಗದ 100 ಗ್ರಾಂನಲ್ಲಿ 30. ಬೇಳೆಯ ಲೆಕ್ಕದಲ್ಲಿ ಎಡವುವುದು ಒಣ ತೂಕ, ಬೆಂದ ತೂಕ ಒಂದೇ ಎಂದುಕೊಂಡಾಗ. ಒಣ ಬೇಳೆಯ 100 ಗ್ರಾಂನಲ್ಲಿ 24 ಗ್ರಾಂ ಎಂದು ಪೊಟ್ಟಣದ ಮೇಲೆ ಓದಿ, ತೆಳ್ಳಗೆ ಬಡಿಸಿದ ಒಂದು ಬಟ್ಟಲಿನಿಂದ ಅಷ್ಟೂ ಸಿಕ್ಕಿತು ಎಂದುಕೊಳ್ಳುತ್ತಾರೆ. ಆ ಬಟ್ಟಲಿನಲ್ಲಿ 5–6 ಗ್ರಾಂ ಇದ್ದರೆ ಹೆಚ್ಚು. ಕಡಲೆಕಾಯಿ ಬೀಜದ ಕಥೆ ಬೇರೆ: 30 ಗ್ರಾಂನಲ್ಲಿ 7–8 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 170 ಕ್ಯಾಲೊರಿಯೂ ಇದೆ. ಅದು ಒಳ್ಳೆಯ ಆಹಾರವೇ, ಆದರೆ ಪ್ರೋಟೀನ್ ಹೆಸರಿನಲ್ಲಿ ಹಿಡಿ ಹಿಡಿಯಾಗಿ ತಿನ್ನುವಂಥದ್ದಲ್ಲ.

ಒಂದೇ ಹೊತ್ತಿಗೆ ಸುರಿದುಕೊಳ್ಳದೆ ಊಟಕ್ಕೆ 25–30 ಗ್ರಾಂನಂತೆ ಹಂಚಿ. ಬೆಳಗಿನ ತಿಂಡಿಯಲ್ಲೇ ಸಾಮಾನ್ಯವಾಗಿ ಖೋತಾ ಬೀಳುವುದು, ಅಲ್ಲಿಂದ ಸರಿಪಡಿಸಲು ಶುರುಮಾಡಿ. ಪ್ರೋಟೀನಿನ ಇನ್ನೊಂದು ಗುಣ, ಅದನ್ನು ಅರಗಿಸುವುದಕ್ಕೇ ದೇಹ ಅದರ ಶಕ್ತಿಯ ಶೇಕಡಾ 20–30 ಖರ್ಚು ಮಾಡುತ್ತದೆ. ಪಿಷ್ಟಕ್ಕೆ 5–10, ಕೊಬ್ಬಿಗೆ 3 ದಾಟುವುದಿಲ್ಲ. ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿದಂತಿರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಎಣ್ಣೆಯನ್ನು ಇಲ್ಲೇ ಅಳೆದು ನೋಡೋಣ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಎಣ್ಣೆಯ ಬಾಟಲಿ ಇಡಿ, ಸೊನ್ನೆಯ ಗುಂಡಿ ಒತ್ತಿ. ಬಾಟಲಿ ಎತ್ತಿ, ದಿನಾ ಹಾಕುವಂತೆಯೇ ಕೈ ಬಿಗಿಹಿಡಿಯದೆ ಬಾಣಲೆಗೆ ಹಾಕಿ. ಬಾಟಲಿಯನ್ನು ತಕ್ಕಡಿಯ ಮೇಲೆ ವಾಪಸ್ ಇಡಿ. ತೆರೆಯ ಮೇಲೆ ಮೈನಸ್ 48 ಎಂದು ಬಂತೆನ್ನಿ, 48 ಗ್ರಾಂ ಹೋಯಿತು. ಒಂಬತ್ತರಿಂದ ಗುಣಿಸಿದರೆ 432 ಕ್ಯಾಲೊರಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 108, ಅದೂ ಒಂದೇ ಪದಾರ್ಥದಿಂದ. ಊಟದಲ್ಲಿ ಇಂಥವು ಮೂರು ಇದ್ದರೆ ಆಗಲೇ ಲೆಕ್ಕ ಹಾಕಿದ 400ರ ಕೊರತೆ ಬಹುಪಾಲು ಬಾಣಲೆಯಲ್ಲೇ ಮುಗಿಯಿತು. ಒಂದು ವಾರ ಹೀಗೆ ತೂಗಿ, ಆಮೇಲೆ ಬಾಟಲಿ ಒಳಗಿಟ್ಟು ಚಮಚ ಹೊರಗಿಡಿ. ಎಣ್ಣೆ ಪೂರ್ತಿ ಬಿಡುವ ಅಗತ್ಯವಿಲ್ಲ, ಬಿಡಲೂಬಾರದು. ಕೆಲವು ಜೀವಸತ್ವಗಳು ಮೈಗೆ ಹತ್ತಲು ಕೊಬ್ಬು ಬೇಕು. ಕಣ್ಣಳತೆ ಮಾತ್ರ ಬೇಡ.

100 ಕ್ಯಾಲೊರಿಗೆ ಎಣ್ಣೆಯಾದರೆ 11 ಗ್ರಾಂ, ಅನ್ನವಾದರೆ 75 ಗ್ರಾಂ, ಸೌತೆಕಾಯಿಯಾದರೆ ಅರ್ಧ ಕೆಜಿಗೂ ಹೆಚ್ಚು ಸಿಗುತ್ತದೆ. ಹೊಟ್ಟೆ ತುಂಬಿತು ಎಂಬ ಭಾವನೆಯಲ್ಲಿ ಆಹಾರದ ಗಾತ್ರಕ್ಕೂ ದೊಡ್ಡ ಪಾತ್ರವಿದೆ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ ಎಂಬ ಸೂತ್ರದ ಗುಟ್ಟು ಇದು. ಒಂದು ಸಣ್ಣ ಉಪಾಯ: ಬಡಿಸುವಾಗ ತರಕಾರಿಯನ್ನು ಮೊದಲು ಹಾಕಿಕೊಳ್ಳಿ. ಅನ್ನ ಮೊದಲು ಬಿದ್ದರೆ ತರಕಾರಿಗೆ ಮೂಲೆಯೇ ಗತಿ.

ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ತಿನಿಸುಗಳ ಬಗ್ಗೆ 2019ರಲ್ಲಿ ಕೆವಿನ್ ಹಾಲ್ ತಂಡ ಅಚ್ಚುಕಟ್ಟಾದ ಪ್ರಯೋಗ ಮಾಡಿತು. 20 ಜನರನ್ನು ಸಂಶೋಧನಾ ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸರಳವಾಗಿ ಬೇಯಿಸಿದ ಆಹಾರ ಕೊಟ್ಟರು. ಎರಡರಲ್ಲೂ ಎದುರಿಗಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮಸಮ. ಎಷ್ಟು ಬೇಕೋ ಅಷ್ಟು ತಿನ್ನಬಹುದಿತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 0.9 ಕೆಜಿ ಏರಿದರು. ಅವರು ತಿಂದ ವೇಗವೂ ಹೆಚ್ಚಿತ್ತು. ಅಗಿಯಬೇಕಿಲ್ಲದ ತುತ್ತಿಗೆ ಹೊಟ್ಟೆ ಲೆಕ್ಕ ಇಡುವಷ್ಟರಲ್ಲಿ ಪೊಟ್ಟಣ ಖಾಲಿ.

‘ನಾನು ಏನೂ ತಿನ್ನುವುದೇ ಇಲ್ಲ, ಆದರೂ ಇಳಿಯುತ್ತಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಎಣಿಕೆ ತಪ್ಪುತ್ತಿದ್ದಾರೆ. 1992ರಲ್ಲಿ ಇಂಥವರನ್ನೇ ಆರಿಸಿ ಅಳೆದಾಗ, ಅವರು ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆಯಾಗಿಯೂ ಮಾಡಿದ ಚಟುವಟಿಕೆಯನ್ನು ಶೇಕಡಾ 51ರಷ್ಟು ಹೆಚ್ಚಾಗಿಯೂ ಹೇಳಿದ್ದರು. ಜೀರ್ಣಕ್ರಿಯೆ, ಚಯಾಪಚಯ ಎಲ್ಲ ಸರಿಯಾಗಿಯೇ ಇತ್ತು. ಸೋರುವ ಜಾಗಗಳು ಯಾವಾಗಲೂ ಇವೇ: ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ‘ಚೆಲ್ಲಬಾರದು’ ಎಂದು ತಿಂದದ್ದು, ಸಕ್ಕರೆ ಹಾಕಿದ ಪಾನೀಯ, ಮತ್ತು ವಾರದ ಕೊನೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 400ರಂತೆ 2000 ಉಳಿಸಿ, ಶನಿವಾರ ಭಾನುವಾರ ದಿನಕ್ಕೆ 1000 ಹೆಚ್ಚು ತಿಂದರೆ ವಾರದ ಉಳಿತಾಯ ಸೊನ್ನೆ. ಐದು ದಿನದ ಕಷ್ಟ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಈಗ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ. ಮಧ್ಯಮ ಎಂದರೆ ಎಷ್ಟು? ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಗೆಳೆಯರ ಜೊತೆ ಸಲೀಸಾಗಿ ರಾಜಕೀಯ ಚರ್ಚಿಸುತ್ತ ಹೋಗುವ ವಾಕಿಂಗು ಮಧ್ಯಮಕ್ಕೂ ಕೆಳಗೆ. ಅದೂ ಇರಲಿ, ಅದರ ಜೊತೆ ಹತ್ತು ನಿಮಿಷ ಮಾತು ತುಂಡಾಗುವಷ್ಟು ವೇಗವೂ ಇರಲಿ.

ಮಾರ್ಗಸೂಚಿಯ ಎರಡನೆಯ ಭಾಗವನ್ನು ಓದದೇ ಬಿಡುವವರು ಬಹಳ. ‘ನಾನು ದಿನಾ ವಾಕ್ ಮಾಡುತ್ತೇನಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಾಕಿಂಗ್ ಹೃದಯಕ್ಕೆ, ರಕ್ತದ ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಸ್ನಾಯು ಉಳಿಸಲು ಸಾಲದು. ಸ್ನಾಯುವಿಗೆ ‘ನೀನು ಬೇಕು’ ಎಂಬ ಸೂಚನೆ ಹೋಗಬೇಕಾದರೆ ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ಸೋಲುವಂಥ ಭಾರ ಬೀಳಬೇಕು. ಜಿಮ್ ಕಡ್ಡಾಯವಲ್ಲ. ಕೂತು ಏಳುವುದು, ತಳ್ಳುವುದು, ಎಳೆಯುವುದು, ಬಗ್ಗಿ ಎತ್ತುವುದು, ಹೊತ್ತು ನಡೆಯುವುದು. ಇವು ಐದು ಸಾಕು.

ಮೊದಲನೆಯದನ್ನು ಬಿಡಿಸಿ ಹೇಳುತ್ತೇನೆ. ಸುಮಾರು 45 ಸೆಂಟಿಮೀಟರ್ ಎತ್ತರದ, ಚಕ್ರವಿಲ್ಲದ ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಕುರ್ಚಿಯ ಮುಂದಿನ ಅರ್ಧದಲ್ಲಿ ಕುಳಿತುಕೊಳ್ಳಿ. ಪಾದಗಳು ಭುಜದಗಲ, ಬೆರಳುಗಳು ತುಸು ಹೊರಕ್ಕೆ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ. ಕೈಗಳನ್ನು ಎದೆಯ ಮೇಲೆ ಕಟ್ಟಿ. ಬೆನ್ನು ನೇರ ಇಟ್ಟುಕೊಂಡೇ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಮುಂದೆ ಬಾಗಿ. ಇಡೀ ಪಾದವನ್ನು ನೆಲಕ್ಕೊತ್ತಿ ಉಸಿರು ಬಿಡುತ್ತ ಎದ್ದು ನಿಲ್ಲಿ. ಇಳಿಯುವಾಗ ಸೊಂಟವನ್ನು ಹಿಂದಕ್ಕೆ ಕಳಿಸಿ, ಮೂರು ಎಣಿಸುವವರೆಗೆ ನಿಧಾನವಾಗಿ ಇಳಿದು, ಕುರ್ಚಿಯನ್ನು ಸೋಕಿದೊಡನೆ ಮತ್ತೆ ಮೇಲೇಳಿ.

ತಪ್ಪುವುದು ಎಲ್ಲಿ? ಪಾದ ತುಂಬ ಮುಂದಿದ್ದರೆ ಮೈಯನ್ನು ಎಸೆದಂತೆ ಝಾಡಿಸಿ ಏಳಬೇಕಾಗುತ್ತದೆ, ಪಾದ ಹಿಂದಕ್ಕೆಳೆಯಿರಿ. ಏಳುವಾಗ ಮಂಡಿಗಳು ಒಳಕ್ಕೆ ಕೂಡಿಕೊಳ್ಳುವುದು ಸೊಂಟದ ಪಕ್ಕದ ಸ್ನಾಯು ಸೋತದ್ದರ ಗುರುತು. ಮಂಡಿಯನ್ನು ಎರಡನೆಯ ಕಾಲ್ಬೆರಳಿನ ದಿಕ್ಕಿಗೆ ತಳ್ಳಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಜಿಗಿಯುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಕೊನೆಯ ಹತ್ತು ಸೆಂಟಿಮೀಟರ್ ‘ದೊಪ್’ ಎಂದು ಬೀಳುವುದು. ಅಷ್ಟು ಆಳದಲ್ಲಿ ತೊಡೆಗೆ ಇನ್ನೂ ಬಲವಿಲ್ಲ ಎಂದರ್ಥ. ಕುರ್ಚಿಯ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು ಎತ್ತರ ಮಾಡಿ, ವಾರಕ್ಕೊಂದು ತೆಗೆಯುತ್ತ ಬನ್ನಿ. ನಿಧಾನವಾಗಿ ಇಳಿಯುವ ಆ ಮೂರು ಎಣಿಕೆಯಲ್ಲಿಯೇ ಅರ್ಧ ಲಾಭ ಇದೆ, ಅದನ್ನು ಬಿಟ್ಟುಕೊಡಬೇಡಿ.

ತಳ್ಳುವುದಕ್ಕೆ ಗೋಡೆಯಿಂದ ಶುರು: ಗೋಡೆ, ಆಮೇಲೆ ಗಟ್ಟಿ ಮೇಜಿನ ಅಂಚು, ಕೊನೆಗೆ ನೆಲ. ಮೊಣಕೈ ಪಕ್ಕೆಯಿಂದ 45 ಡಿಗ್ರಿಯಲ್ಲಿರಲಿ. ರೆಕ್ಕೆಯಂತೆ ಹರಡಿದರೆ ಭುಜ ದೂರು ಹೇಳುತ್ತದೆ. ಬಗ್ಗಿ ಎತ್ತುವುದನ್ನು ಕಲಿಯಲು ಬೆನ್ನಿನುದ್ದಕ್ಕೂ ಒಂದು ಕೋಲು ಹಿಡಿಯಿರಿ. ತಲೆಯ ಹಿಂಭಾಗ, ಭುಜಗಳ ನಡು, ಬೆನ್ನಿನ ಬುಡ ಮೂರೂ ಕೋಲಿಗೆ ತಾಗಿರುವಂತೆ ಸೊಂಟದಿಂದ ಬಾಗಿ. ಒಂದು ಬಿಟ್ಟುಹೋದರೂ ಬೆನ್ನು ಗೂನಾಯಿತು ಎಂದರ್ಥ. ಎಳೆಯಲು ಪುಸ್ತಕ ತುಂಬಿದ ಚೀಲ ಸಾಕು, ಹೊತ್ತು ನಡೆಯಲು ಎರಡು ಕೈಗೆ ಎರಡು ನೀರಿನ ಕ್ಯಾನು.

ಪ್ರತಿಯೊಂದೂ 8ರಿಂದ 12 ಸಲ, ಎರಡು ಅಥವಾ ಮೂರು ಸುತ್ತು, ನಡುವೆ ಒಂದೂವರೆ ಎರಡು ನಿಮಿಷ ವಿಶ್ರಾಂತಿ. ಹೊತ್ತು ನಡೆಯುವುದಕ್ಕೆ ಮಾತ್ರ ಎಣಿಕೆಯ ಬದಲು 30–40 ಸೆಕೆಂಡು. ಸುತ್ತು ಮುಗಿದಾಗ ‘ಇನ್ನೆರಡು ಆಗುತ್ತಿತ್ತು’ ಅನ್ನಿಸಬೇಕು. ಇನ್ನೂ ಎಂಟು ಆಗುತ್ತಿತ್ತು ಎನ್ನಿಸಿದರೆ ಅದು ಬರೀ ಕೈಕಾಲು ಆಡಿಸಿದಂತೆ. ಎಲ್ಲ ಸುತ್ತಿನಲ್ಲೂ 12 ಮುಟ್ಟಿದ ದಿನ ಭಾರ ಏರಿಸಿ. ಕುರ್ಚಿಯದಾದರೆ 5 ಕೆಜಿ ಚೀಲವನ್ನು ಎದೆಗಪ್ಪಿಕೊಳ್ಳಿ. ಮೂರು ತಿಂಗಳಿಂದ ಅದೇ ಭಾರ, ಅದೇ ಎಣಿಕೆ ಎಂದಾದರೆ ಸ್ನಾಯುವಿಗೆ ಬೆಳೆಯುವ ಕಾರಣವೇ ಇಲ್ಲ. ಅತ್ತ, ಎರಡನೇ ವಾರಕ್ಕೇ ಇಮ್ಮಡಿ ಮಾಡುವವರೂ ಇದ್ದಾರೆ. ಸ್ನಾಯು ವಾರಗಳಲ್ಲಿ ಹೊಂದಿಕೊಳ್ಳುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ಆರಂಭದ ಉತ್ಸಾಹಿಗಳಿಗೆ ಹಿಮ್ಮಡಿ, ಮೊಣಕೈ ನೋವು ಬರುವುದು ಈ ಅಂತರದಿಂದ. ಮೈಕೈ ನೋವು ಎರಡು ಮೂರು ದಿನ ಇದ್ದರೆ ಸಹಜ. ತೀವ್ರ ನೋವಿನ ಜೊತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ನಿದ್ರೆಯನ್ನು ಈ ಪಟ್ಟಿಗೆ ಯಾಕೆ ಸೇರಿಸಬೇಕು ಎನ್ನುವವರಿಗೆ 2010ರ ಒಂದು ಸಣ್ಣ ಪ್ರಯೋಗವಿದೆ. ಹತ್ತು ಜನ, ಒಂದೇ ಮಿತ ಆಹಾರ. 14 ದಿನ ಎಂಟೂವರೆ ಗಂಟೆ, ಇನ್ನೊಂದು 14 ದಿನ ಐದೂವರೆ ಗಂಟೆ ಹಾಸಿಗೆ. ತೂಕ ಎರಡೂ ಸಲ ಸುಮಾರು 3 ಕೆಜಿ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆಜಿ ಕೊಬ್ಬು, ನಿದ್ದೆಗೆಟ್ಟಾಗ 0.6 ಕೆಜಿ ಮಾತ್ರ. ತಕ್ಕಡಿಯಷ್ಟನ್ನೇ ನೋಡಿದ್ದರೆ ಈ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ.

ಮೂರು ತಿಂಗಳ ಹೊತ್ತಿಗೆ ತೂಕ ನಿಂತುಬಿಡುತ್ತದೆ. ಚಿಕ್ಕದಾದ ದೇಹಕ್ಕೆ ಖರ್ಚು ಕಡಿಮೆ. ಜೊತೆಗೆ ನಮಗೆ ಗೊತ್ತಾಗದಂತೆ ಓಡಾಟವೂ ತಗ್ಗುತ್ತದೆ. ಕೂತಲ್ಲಿಂದ ಏಳುವುದಿಲ್ಲ, ಲಿಫ್ಟಿಗೆ ಕಾಯುತ್ತೇವೆ. ಈ ಸಣ್ಣಪುಟ್ಟ ಚಲನೆ ಎಷ್ಟು ದೊಡ್ಡದು ಎಂಬುದನ್ನು 1999ರ ಪ್ರಯೋಗವೊಂದು ತೋರಿಸಿತು. 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಬ್ಬರಿಗೆ ಏರಿದ ಕೊಬ್ಬು 0.36 ಕೆಜಿ, ಇನ್ನೊಬ್ಬರಿಗೆ 4.23 ಕೆಜಿ. ಈ ವ್ಯತ್ಯಾಸವನ್ನು ಹೆಚ್ಚಾಗಿ ವಿವರಿಸಿದ್ದು ವ್ಯಾಯಾಮವೆಂದು ಕರೆಯದ ಓಡಾಟ. ಆದ್ದರಿಂದ ತೂಕ ನಿಂತಾಗ ಊಟಕ್ಕೆ ಇನ್ನೊಂದು ಕತ್ತರಿ ಹಾಕುವ ಮೊದಲು ಹೆಜ್ಜೆಗಳ ಎಣಿಕೆ ನೋಡಿ. ಮೊದಲ ತಿಂಗಳಿಗಿಂತ 2000 ಕಡಿಮೆಯಾಗಿದ್ದರೆ ಉತ್ತರ ಅಲ್ಲೇ ಇದೆ.

ನಿಜಕ್ಕೂ ನಿಂತಿದೆಯೋ ಎಂಬುದನ್ನೂ ಪರೀಕ್ಷಿಸಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಗಿ, ಏಳು ದಿನದ ಸರಾಸರಿ ತೆಗೆಯಿರಿ. ಉಪ್ಪು ಜಾಸ್ತಿಯಾದ ಊಟ, ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಹೊಸ ವ್ಯಾಯಾಮ, ಇವೆಲ್ಲ ಒಂದೆರಡು ಕೆಜಿ ನೀರು ಹಿಡಿಸುತ್ತವೆ. ನಾಲ್ಕು ವಾರದ ಸರಾಸರಿಗಳನ್ನು ಹೋಲಿಸದೆ ತೀರ್ಪು ಕೊಡಬೇಡಿ. ಟೇಪನ್ನೂ ಬಳಸಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ. ಆ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ತೂಕ ನಿಂತಿದ್ದು ಸುತ್ತಳತೆ ಇಳಿದು, ಕುರ್ಚಿಯಿಂದ ಏಳುವ ಎಣಿಕೆ ಏರಿದ್ದರೆ, ಇಳಿಯಬೇಕಾದ್ದೇ ಇಳಿಯುತ್ತಿದೆ.

ಕೆಲವರು ಮೊದಲು ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಲ್ಫೊನೈಲ್ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸಿ ವ್ಯಾಯಾಮ ಏರಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು, ಔಷಧದ ಪ್ರಮಾಣ ಬದಲಾಗಬೇಕು. ನಡೆಯುವಾಗ ಎದೆ ಬಿಗಿಯುವವರು, ಗರ್ಭಿಣಿಯರು, ಊಟದ ಬಗ್ಗೆ ಗೀಳು ಹಿಡಿದ ಹಿನ್ನೆಲೆಯುಳ್ಳವರು ಈ ಲೆಕ್ಕಗಳನ್ನು ತಾವೇ ಜಾರಿಗೆ ತರಬಾರದು. ಹಸಿವು ತಗ್ಗಿಸುವ ಹೊಸ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರಿಗೆ ಪ್ರೋಟೀನ್ ಮತ್ತು ಭಾರದ ವ್ಯಾಯಾಮ ಇನ್ನಷ್ಟು ಅಗತ್ಯ, ಹಸಿವೇ ಇಲ್ಲದಾಗ ಮೊದಲು ಬಿಟ್ಟುಹೋಗುವುದು ಅವೆರಡೇ.

ನೀವು ಬಹಳ ಹೊತ್ತಿನಿಂದ ಕುಳಿತೇ ಇದ್ದೀರಿ. ಪ್ರಶ್ನೆ ಕೇಳುವವರು ಕೈ ಊರದೆ ಎದ್ದು ಕೇಳಿ. ಉತ್ತರ ಸಿಕ್ಕ ಮೇಲೆ ಮೂರು ಎಣಿಸುತ್ತ ಕುಳಿತುಕೊಳ್ಳಿ.